ಕಿಡಿಗೇಡಿಯ ನೆಪ, ತರಗಿನ ಬೆಂಕಿ

ಫೆಬ್ರುವರಿ ಬಂತೆಂದರೆ ಮೈಸೂರು, ಚಾಮರಾಜನಗರ ಜಿಲ್ಲೆಗಳ ಪತ್ರಿಕಾ ಪುಟಗಳಲ್ಲಿ ಒಂದು ಮಾತು ತಪ್ಪದೆ ಕಾಣಿಸಿಕೊಳ್ಳುತ್ತದೆ: ಕಾಡಿಗೆ ಬೆಂಕಿ ಬಿದ್ದಿದೆ, ಕಿಡಿಗೇಡಿಗಳ ಕೃತ್ಯವೆಂಬ ಶಂಕೆಯಿದೆ. ಬೆಂಕಿ ಬಿದ್ದದ್ದು ಬಂಡೀಪುರದಲ್ಲಾದರೂ ಅದೇ ಮಾತು, ನಾಗರಹೊಳೆಯಲ್ಲಾದರೂ ಅದೇ, 2025ರ ಫೆಬ್ರುವರಿಯಲ್ಲಿ ಚಾಮುಂಡಿ ಬೆಟ್ಟದ ಇಳಿಜಾರು ಹೊತ್ತಿ ಉರಿದಾಗಲೂ ಅದೇ. ಮೊದಲ ಮಳೆ ಬಿದ್ದ ಮೇಲೆ ಬೆಂಕಿಯ ಜೊತೆಗೆ ಶಂಕೆಯೂ ಆರುತ್ತದೆ. ಮುಂದಿನ ಬೇಸಿಗೆಗೆ ಹೊಸ ಬೆಂಕಿ, ಹಳೆಯ ಶಂಕೆ.

ಈ ಶಂಕೆಯ ಹಿಂದೆ ಬೇರುಬಿಟ್ಟ ನಂಬಿಕೆಯೊಂದಿದೆ. ಕಾಡಿಗೆ ಬೆಂಕಿ ಇಡುವವನು ಯಾವನೋ ದುಷ್ಟ. ಅವನನ್ನು ಹಿಡಿದು ಒಳಗೆ ಹಾಕಿದರೆ, ಬೆಂಕಿರೇಖೆಯನ್ನು ಇನ್ನಷ್ಟು ಅಗಲ ಮಾಡಿದರೆ, ಕಾಡಂಚಿನ ಶಾಲೆಯ ಮುಂದೆ ಬೀದಿನಾಟಕ ಆಡಿಸಿದರೆ ಕಾಡು ಉಳಿಯುತ್ತದೆ ಎಂಬುದು ಅದರ ಒಂದು ಮುಖ. ಹೊಲಗದ್ದೆಯ ಬೆಂಕಿಯ ಮಾತೇ ಬೇರೆ, ಅದು ರೈತ ತನ್ನ ಜಮೀನಿನಲ್ಲಿ ತಾನು ಮಾಡಿಕೊಳ್ಳುವ ಕೆಲಸ, ಅದಕ್ಕೂ ಕಾಡಿಗೂ ಸಂಬಂಧವಿಲ್ಲ ಎಂಬುದು ಇನ್ನೊಂದು ಮುಖ. ಅರಣ್ಯಾಧಿಕಾರಿ, ವರದಿಗಾರ, ಪಟ್ಟಣದ ವನ್ಯಜೀವಿ ಪ್ರೇಮಿ, ರೈತ ಮುಖಂಡ, ಬೇರೆ ಯಾವ ವಿಷಯದಲ್ಲೂ ಒಂದಾಗದ ಇವರೆಲ್ಲ ಈ ಒಂದು ವಿಷಯದಲ್ಲಿ ಒಂದಾಗಿದ್ದಾರೆ. ಈ ನಂಬಿಕೆ ತಪ್ಪು. ಇಷ್ಟು ಜನಕ್ಕೆ ಅನುಕೂಲವಾದ ತಪ್ಪು ಆದ್ದರಿಂದಲೇ ಅದು ಇಷ್ಟು ವರ್ಷ ಬಾಳಿದೆ.

2019ರ ಫೆಬ್ರುವರಿಯನ್ನು ನೆನೆಯಬೇಕು. 21ರಂದು ಗುಂಡ್ಲುಪೇಟೆ ಬದಿಯಲ್ಲಿ ಹತ್ತಿಕೊಂಡ ಬೆಂಕಿ ಕುಂದಕೆರೆ, ಗೋಪಾಲಸ್ವಾಮಿ ಬೆಟ್ಟ ವಲಯಗಳನ್ನು ಹಿಡಿದು ದಿನಗಟ್ಟಲೆ ಉರಿಯಿತು. ಉಪಗ್ರಹ ಚಿತ್ರಗಳ ಅಂದಾಜಿನಲ್ಲಿ ಸುಟ್ಟ ಕಾಡು ಹತ್ತು ಸಾವಿರ ಎಕರೆಗೂ ಹೆಚ್ಚು. ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿಯಬೇಕಾಯಿತು. ಆಮೇಲೆ ಬಂದ ಸುದ್ದಿ ಏನು? ಕಾಡಂಚಿನ ಹಳ್ಳಿಯವರ ಬಂಧನ. ಹುಲಿ ದನಕರುಗಳ ಹತ್ತಿರ ಸುಳಿಯದಿರಲೆಂದು ಪೊದೆಗೆ ಬೆಂಕಿ ಇಟ್ಟರೆಂಬುದು ಅವರ ಮೇಲಿನ ಆರೋಪ. ಆ ಆರೋಪ ನಿಜವೆಂದೇ ಇಟ್ಟುಕೊಂಡರೂ ಅದರಲ್ಲಿ ಕಾಣುವುದು ಹೆದರಿದ ಮನುಷ್ಯ. ಕಾಡಿನ ಮೇಲೆ ಹಗೆ ಸಾಧಿಸಲು ಹೊರಟವನು ಅಲ್ಲಿಲ್ಲ.

ಅದೇ ವಾರ, ಫೆಬ್ರುವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನದ ವಾಹನ ನಿಲುಗಡೆಯ ಬಯಲಿನಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ ಸುಮಾರು 300 ಕಾರುಗಳು ಸುಟ್ಟವು. ಅಲ್ಲಿ ಸಿಗರೇಟಿನ ತುಂಡಿನ ಮಾತು, ಬಿಸಿಯಾದ ಎಂಜಿನ್ನಿನ ಮಾತು ಬಂತು. ಒಣಹುಲ್ಲು, ಗಾಳಿ, ಅಜಾಗರೂಕತೆ ಮೂರೂ ಸೇರಿದರೆ ಏನಾಗುತ್ತದೆಂದು ನಗರದವರಿಗೆ ಒಡನೆ ಅರ್ಥವಾಯಿತು. ಇನ್ನೂರು ಕಿಲೋಮೀಟರ್ ಆಚೆ ಅದೇ ಒಣಹುಲ್ಲು, ಅದೇ ಗಾಳಿ. ಅಲ್ಲಿ ಮಾತ್ರ ದುಷ್ಟನೊಬ್ಬ ಬೇಕಾದ.

ಹಗೆಗೆ ಬೆಂಕಿ ಇಡುವವರು ಇಲ್ಲವೇ ಇಲ್ಲ ಎಂದಲ್ಲ. ಮೊಕದ್ದಮೆ ಹಾಕಿದ ಇಲಾಖೆಯ ಮೇಲಿನ ಸಿಟ್ಟನ್ನು ಕಾಡಿನ ಮೇಲೆ ತೀರಿಸಿಕೊಂಡವರಿದ್ದಾರೆ, ಬೇಟೆಯ ಜಾಡು ಮುಚ್ಚಲು ಕಡ್ಡಿ ಗೀರಿದವರಿದ್ದಾರೆ. ಅಂಥವರನ್ನು ಹಿಡಿಯಲೇಬೇಕು. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕನೊಬ್ಬ ಜೀವ ತೆತ್ತ. ಕೈಯಲ್ಲಿ ಹಸಿ ಸೊಪ್ಪಿನ ಕೊಂಬೆ ಹಿಡಿದು ಉರಿಯೆದುರು ನಿಲ್ಲುವ ಇಂಥ ಹುಡುಗರಿಗೆ, ಹಾಡಿಗಳಿಂದ ಬೇಸಿಗೆಯ ಕೂಲಿಗೆ ಬರುವ ಜೇನುಕುರುಬ, ಸೋಲಿಗ ಬೆಂಕಿ ವಾಚರುಗಳಿಗೆ ಈ ಸಮಾಜ ಒಂದು ಸಾಲ ತೀರಿಸಬೇಕಿದೆ. ಬೆಂಕಿ ನಿಜವಾಗಿ ಎಲ್ಲಿಂದ ಬರುತ್ತದೆಂದು ಸಂಕೋಚವಿಲ್ಲದೆ ನೋಡುವುದರಿಂದಲೇ ಆ ಸಾಲ ತೀರಲು ಶುರುವಾಗಬೇಕು.

ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂಬ ಮಾತನ್ನು ಮೊದಲು ಪಕ್ಕಕ್ಕಿಡೋಣ. ದೇಶದ ಕಾಳ್ಗಿಚ್ಚಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮನುಷ್ಯರಿಂದಲೇ ಹತ್ತಿಕೊಳ್ಳುವಂಥದು ಎಂಬುದು ಅರಣ್ಯ ಇಲಾಖೆಗಳೇ ಒಪ್ಪಿದ ಲೆಕ್ಕ. ಈ ಭಾಗದಲ್ಲಿ ಸಿಡಿಲು ಬರುವುದು ಏಪ್ರಿಲಿನ ಮುಂಗಾರುಪೂರ್ವ ಮಳೆಯ ಜೊತೆಗೆ. ಕಾಡು ಉರಿಯುವುದು ಅದಕ್ಕೂ ಮೊದಲು, ಮತ್ತಿ, ದಿಂಡಿಗ, ತೇಗ ಎಲೆ ಉದುರಿಸಿ ನೆಲ ಗರಿಗರಿಯಾಗಿರುವ ಫೆಬ್ರುವರಿ, ಮಾರ್ಚಿನಲ್ಲಿ. ಆಕಾಶದಲ್ಲಿ ಮೋಡವಿಲ್ಲದ ತಿಂಗಳಲ್ಲಿ ಕಿಡಿ ಬರುವುದು ಮನುಷ್ಯನ ಕೈಯಿಂದ, ಅವನ ವಾಹನದಿಂದ, ಅವನು ಎಳೆದು ಜೋತುಬಿಟ್ಟ ವಿದ್ಯುತ್ ತಂತಿಯಿಂದ.

ಆ ತಿಂಗಳುಗಳಲ್ಲಿ ಮನುಷ್ಯ ಏನು ಮಾಡುತ್ತಿರುತ್ತಾನೆ? ಉತ್ತರಕ್ಕೆ ಕಾಡಿನೊಳಗೆ ಹೋಗಬೇಕಿಲ್ಲ. ನಂಜನಗೂಡಿನಿಂದ ಹುಲ್ಲಹಳ್ಳಿಯ ಮೇಲೆ ಹೆಡಿಯಾಲದ ಕಡೆಗೆ, ಇಲ್ಲವೇ ತಿ. ನರಸೀಪುರದಿಂದ ತಲಕಾಡಿನ ಕಡೆಗೆ ಜನವರಿಯ ಒಂದು ಸಂಜೆ ಹೋದರೆ ಸಾಕು. ಭತ್ತ ಕೊಯ್ದ ಗದ್ದೆಯಲ್ಲಿ ಕೂಳೆ ಉರಿಯುತ್ತಿರುತ್ತದೆ. ಕಬ್ಬು ಕಡಿದ ಹೊಲದಲ್ಲಿ ತರಗು ಉರಿಯುತ್ತಿರುತ್ತದೆ. ನಾಲೆ ಏರಿಯ ಜೊಂಡು, ಬದುವಿನ ಬೇಲಿ, ರಸ್ತೆಬದಿಯ ಪ್ಲಾಸ್ಟಿಕ್ಕಿನ ಗುಡ್ಡೆ, ಎಲ್ಲಕ್ಕೂ ಮದ್ದು ಒಂದೇ ಕಡ್ಡಿ. ಬೆಂಕಿ ಹಚ್ಚಿದವನು ಅದರ ಪಕ್ಕ ನಿಂತಿರುವುದು ಅಪರೂಪ. ಹಚ್ಚಿ ಮನೆಗೆ ಹೋಗಿರುತ್ತಾನೆ, ತಾನಾಗಿ ಆರುತ್ತದೆಂಬ ಭರವಸೆಯಲ್ಲಿ. ತಿ. ನರಸೀಪುರದ ನಡುಬಯಲಿನಲ್ಲಿ ಅದು ತಾನಾಗಿಯೇ ಆರಬಹುದು, ಸುತ್ತಲೂ ನೀರುಗದ್ದೆಯಿದೆ. ನಂಜನಗೂಡು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ ಹೊಲದ ಬದು ಮುಗಿದಲ್ಲಿ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಹೆಡಿಯಾಲ, ಓಂಕಾರ ವಲಯಗಳು ಶುರುವಾಗುತ್ತವೆ. ಆನೆ ದಾಟದಿರಲೆಂದು ತೋಡಿದ ಕಂದಕವನ್ನು ಬೆಂಕಿ ದಾಟುತ್ತದೆ. ಉರಿಯುವ ಒಂದು ತರಗೆಲೆ ಗಾಳಿಗೆ ಎದ್ದರೆ ಸಾಕು.

ಇದನ್ನು ಹೇಳಿದರೆ ರೈತವಿರೋಧಿ ಎನ್ನುವವರಿದ್ದಾರೆ. ಅವರು ರೈತನ ಕಷ್ಟವನ್ನು ಸರಿಯಾಗಿ ನೋಡಿದಂತಿಲ್ಲ. ಕಬ್ಬು ಕಟಾವಾದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ತರಗು ನೆಲದ ಮೇಲೆ ಉಳಿಯುತ್ತದೆ. ಕೂಳೆ ಬೆಳೆಗೆ ಬೇಗ ನೀರು ಕೊಡಬೇಕು, ತರಗಿದ್ದರೆ ಸಾಲಿನಲ್ಲಿ ನೀರು ಹರಿಯುವುದಿಲ್ಲ. ಇಲಿ, ಹಾವಿನ ಭಯ ಬೇರೆ. ಅದನ್ನು ಕೈಯಿಂದ ಗುಡ್ಡೆ ಹಾಕಿಸಲು ಆಳು ಸಿಗುವುದಿಲ್ಲ, ಸಿಕ್ಕರೆ ಆ ಕೂಲಿ ಕಬ್ಬಿನ ಲಾಭವನ್ನೇ ನುಂಗುತ್ತದೆ. ಕಡಿಯುವ ತಂಡ ಸಿಗದ ವರ್ಷ ನಿಂತ ಕಬ್ಬಿಗೇ ಬೆಂಕಿ ಕೊಟ್ಟು ತರಗು ಕಳೆದು ಕಡಿಸುವುದೂ ಉಂಟು. ಸುಟ್ಟ ಕಬ್ಬು ಬೇಗ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶ ಇಳಿಯುತ್ತದೆ, ಕಾರ್ಖಾನೆ ದರದಲ್ಲಿ ಮುರಿದುಕೊಳ್ಳುತ್ತದೆ. ಇಷ್ಟು ನಷ್ಟ ಗೊತ್ತಿದ್ದೂ ಒಬ್ಬ ರೈತ ಕಡ್ಡಿ ಗೀರುತ್ತಾನೆಂದರೆ ಅವನ ಮುಂದೆ ಬೇರೆ ದಾರಿ ಇಲ್ಲವೆಂದೇ ಅರ್ಥ. ಅವನನ್ನು ಕಿಡಿಗೇಡಿ ಎಂದು ಕರೆಯುವುದು ಅನ್ಯಾಯ. ಅವನ ಬೆಂಕಿ ನಿರಪಾಯ ಎಂದು ಬೆನ್ನು ತಟ್ಟುವುದೂ ಅಷ್ಟೇ ದೊಡ್ಡ ಅನ್ಯಾಯ.

ಬೆನ್ನು ತಟ್ಟುವವರ ಕೈಯಲ್ಲಿರುವ ದೊಡ್ಡ ಆಯುಧ ಬೂದಿ. ಸುಟ್ಟರೆ ಬೂದಿ, ಬೂದಿಯೇ ಗೊಬ್ಬರ ಎನ್ನುತ್ತಾರೆ. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 400 ಕಿಲೋ ಇಂಗಾಲ, ಐದೂವರೆ ಕಿಲೋ ಸಾರಜನಕ, 25 ಕಿಲೋ ಪೊಟ್ಯಾಷ್ ಇರುತ್ತದೆ. ಸುಟ್ಟಾಗ ಇಂಗಾಲ ಪೂರ್ತಿ ಹೊಗೆಯಾಗುತ್ತದೆ, ಸಾರಜನಕದಲ್ಲಿ ಬಹುಪಾಲು ಹಾರಿಹೋಗುತ್ತದೆ, ಗಂಧಕದಲ್ಲಿ ಅರ್ಧ ಹೋಗುತ್ತದೆ. ಉಳಿಯುವುದು ಪೊಟ್ಯಾಷಿನ ಪಾಲು. ಅದನ್ನೂ ಮೊದಲ ಗಾಳಿ ಬದುವಿನಾಚೆಗೆ ಒಯ್ಯುತ್ತದೆ. ಹಾರಿಹೋದ ಸಾರಜನಕವನ್ನು ರೈತ ಯೂರಿಯಾ ಚೀಲದಲ್ಲಿ ಮತ್ತೆ ಕೊಳ್ಳುತ್ತಾನೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು, ಮೇವಿಗಾಗಿ ಜನ ಪರದಾಡಿದರು. ಒಂದು ವರ್ಷ ಮೇವಿಗೆ ಅಲೆಯುವ ನಾಡಿನಲ್ಲಿ ಇನ್ನೊಂದು ವರ್ಷ ಯಂತ್ರ ಕೊಯ್ದು ಚೆಲ್ಲಿದ ಹುಲ್ಲು ಗದ್ದೆಯಲ್ಲೇ ಬೂದಿಯಾಗುತ್ತದೆ.

ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಿ, ಮೇಲೆ ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಹಾಗೂ ಕೊಳೆಸುವ ಜೀವಾಣು ಸೇರಿಸಿದರೆ ಅದು ನೆಲಕ್ಕೆ ಹೊದಿಕೆಯಾಗುತ್ತದೆ, ತೇವ ಹಿಡಿಯುತ್ತದೆ, ಕಳೆ ತಡೆಯುತ್ತದೆ. ಕೃಷಿ ವಿಜ್ಞಾನಿಗಳು ಇದನ್ನು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಟ್ರ್ಯಾಕ್ಟರಿಗೆ ಕಟ್ಟಿ ತರಗನ್ನು ಪುಡಿ ಮಾಡುವ ಯಂತ್ರವಿದೆ, ಹುಲ್ಲನ್ನು ಸುತ್ತಿ ಪಿಂಡಿ ಕಟ್ಟುವ ಯಂತ್ರವಿದೆ. ಯಂತ್ರಗಳನ್ನು ಬಾಡಿಗೆಗೆ ಕೊಡಲು ಕೃಷಿ ಯಂತ್ರಧಾರೆ ಯೋಜನೆ 2014ರಿಂದ ಇದೆ. ಆದರೆ ಕಟಾವಿನ ಆ ಎರಡು ಮೂರು ವಾರಗಳಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕಾಗುವ ಯಂತ್ರ ಎಲ್ಲರಿಗೂ ಒಟ್ಟಿಗೆ ಸಿಗದು. ಹಾಗಿದ್ದರೆ ಹಂಚಿಕೆ ಎಲ್ಲಿಂದ ಶುರುವಾಗಬೇಕು? ಕಾಡಿಗೆ ತಾಗಿದ ಹೊಲದಿಂದ. ಇಷ್ಟು ಸರಳವಾದ ಆದ್ಯತೆಯನ್ನು ಗೊತ್ತುಮಾಡಲು ಅಡ್ಡಿಯಾಗಿರುವುದು ಇದೇ ನಂಬಿಕೆ. ಹೊಲದ ಬೆಂಕಿ ಕೃಷಿ ಇಲಾಖೆಯದು, ಕಾಡಿನ ಬೆಂಕಿ ಅರಣ್ಯ ಇಲಾಖೆಯದು ಎಂದು ಹಂಚಿಕೊಂಡು ಕೂತ ಮೇಲೆ ಒಬ್ಬರ ಯಂತ್ರ ಇನ್ನೊಬ್ಬರ ಗಡಿಗೆ ಯಾಕೆ ಬರುತ್ತದೆ?

ಭಯದ ಬೆಂಕಿಯ ಬಗ್ಗೆಯೂ ಹೇಳಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯ ನಡುವೆ ತಿ. ನರಸೀಪುರ ತಾಲ್ಲೂಕೊಂದರಲ್ಲೇ ಚಿರತೆಗೆ ನಾಲ್ವರು ಬಲಿಯಾದರು. ಅವರಲ್ಲಿ ಕಾಲೇಜಿನ ವಿದ್ಯಾರ್ಥಿಗಳಿದ್ದರು, ಹನ್ನೊಂದು ವರ್ಷದ ಬಾಲಕನಿದ್ದ. ಚಿರತೆ ಅಡಗುವುದು ಕಬ್ಬಿನಲ್ಲಿ ಎಂದು ಎಲ್ಲರೂ ಹೇಳಿದರು. ಕಬ್ಬನ್ನು ಬೇಗ ಕಟಾವು ಮಾಡಿಸುವ ಮಾತು ಜಿಲ್ಲಾಡಳಿತದಿಂದಲೇ ಬಂತು. 2023ರ ನವೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಬಳ್ಳೂರುಹುಂಡಿ ಬಳಿ ಹುಲಿ ಮಹಿಳೆಯೊಬ್ಬರನ್ನು ಕೊಂದಿತು. ಮಗಳನ್ನು ಸಂಜೆ ಟ್ಯೂಷನ್ನಿಗೆ ಕಳಿಸಬೇಕಾದ ತಾಯಿ, ಬೆಳಗಿನ ಜಾವ ಹಾಲಿನ ಡೇರಿಗೆ ಹೋಗಬೇಕಾದ ಅಜ್ಜ ಬೇಲಿಸಾಲಿನ ಪೊದೆಯನ್ನು ನೋಡುವ ಕಣ್ಣೇ ಬೇರೆ. ಪೊದೆ ಸುಟ್ಟರೆ ನೆಮ್ಮದಿ ಎನಿಸುವುದು ಸಹಜ. ಆ ಪೊದೆಯನ್ನು ಪಂಚಾಯಿತಿ ಕಡಿಸಿ ಕೊಡಬೇಕಿತ್ತು, ರಸ್ತೆಗೆ ದೀಪ ಹಾಕಿಸಬೇಕಿತ್ತು. ಬೆಂಕಿ ಆ ಕೆಲಸವನ್ನೂ ಅರೆಬರೆ ಮಾಡುತ್ತದೆ. ಸುಟ್ಟ ಜಾಗದಲ್ಲಿ ಲಂಟಾನ ಮೊದಲಿಗಿಂತ ಒತ್ತಾಗಿ ಚಿಗುರುತ್ತದೆ, ಎರಡು ಮಳೆಗೆ ಪೊದೆ ಮತ್ತೆ ಎದ್ದಿರುತ್ತದೆ.

ಕಾನೂನಿಲ್ಲವೆಂದು ಕೊರಗುವವರಿಗೂ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಬೆಂಕಿ ಇಡುವುದನ್ನು ಮಾತ್ರ ನಿಷೇಧಿಸಿ ಸುಮ್ಮನಾಗಿಲ್ಲ. ಅಭಯಾರಣ್ಯದೊಳಗೆ ಅದಕ್ಕೆ ಅಪಾಯವಾಗುವ ರೀತಿ ಬೆಂಕಿ ಹೊತ್ತಿಸುವುದನ್ನೂ, ಹೊತ್ತಿಸಿದ್ದನ್ನು ಉರಿಯಲು ಬಿಟ್ಟುಹೋಗುವುದನ್ನೂ ಅದು ತಡೆಯುತ್ತದೆ. ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಬೆಂಕಿಯ ವಿಷಯದಲ್ಲಿ ಅಜಾಗರೂಕತೆ ತೋರಿ ಇತರರಿಗೆ ಅಪಾಯ ತಂದವನಿಗೆ ಆರು ತಿಂಗಳ ತನಕ ಸೆರೆ, ಎರಡು ಸಾವಿರ ರೂಪಾಯಿ ತನಕ ದಂಡ ಹೇಳುತ್ತದೆ. ಬಯಲಿನಲ್ಲಿ ಕಸ ಸುಟ್ಟರೆ ಐದು ಸಾವಿರ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25 ಸಾವಿರ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ಆದೇಶಿಸಿತು. ಅಂದರೆ ಅಜಾಗರೂಕತೆಯೂ ತಪ್ಪು ಎಂಬುದನ್ನು ಕಾನೂನು ಬಲ್ಲದು. ದುರುದ್ದೇಶವಿದ್ದರೆ ಮಾತ್ರ ಅಪರಾಧ ಎಂಬುದು ಜನರ ನಂಬಿಕೆ, ಕಾನೂನಿನದಲ್ಲ.

ಉಪಗ್ರಹದ ವಿಷಯ ಇನ್ನೂ ಬೇಸರದ್ದು. ಸುವೋಮಿ ಎನ್‌ಪಿಪಿ ಎಂಬ ಉಪಗ್ರಹ ಮಧ್ಯಾಹ್ನ ಒಂದೂವರೆಯ ಆಸುಪಾಸಿನಲ್ಲಿ ಒಮ್ಮೆ, ನಡುರಾತ್ರಿ ಕಳೆದು ಮತ್ತೊಮ್ಮೆ ನಮ್ಮ ನೆತ್ತಿಯ ಮೇಲೆ ಹಾಯುತ್ತ, ನೆಲದ ಮೇಲಿನ ಉರಿಯನ್ನು 375 ಮೀಟರಿನ ಚೌಕಗಳಲ್ಲಿ ಗುರುತಿಸುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಆ ಬಿಂದುಗಳನ್ನು ಅರಣ್ಯದ ನಕಾಶೆಯ ಮೇಲಿಟ್ಟು, ಗಡಿಯ ಒಳಗೆ ಬಿದ್ದವನ್ನು ಆಯ್ದು ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಹೊರಗೆ ಬಿದ್ದವನ್ನು ಸೋಸಿ ತೆಗೆಯುತ್ತದೆ. ಕಾಡಿನಿಂದ ಮುನ್ನೂರು ಮೀಟರ್ ಆಚೆ ಉರಿಯುವ ಕಬ್ಬಿನ ಹೊಲ ಉಪಗ್ರಹಕ್ಕೆ ಕಂಡರೂ ವ್ಯವಸ್ಥೆಗೆ ಕಾಣುವುದಿಲ್ಲ. ಹೊಲ ಬೇರೆ, ಕಾಡು ಬೇರೆ ಎಂಬ ನಂಬಿಕೆ ತಂತ್ರಜ್ಞಾನದ ಒಳಗೂ ಹೊಕ್ಕು ಕುಳಿತಿದೆ.

ಹಾಗಾದರೆ ಎಲ್ಲ ಬೆಂಕಿಯನ್ನೂ ನಿಷೇಧಿಸಿಬಿಡೋಣವೇ? ಪಂಜಾಬಿನ ಕಡೆ ನೋಡಿದರೆ ಉತ್ತರ ಸಿಗುತ್ತದೆ. ಹಸಿರು ನ್ಯಾಯಮಂಡಳಿ 2015ರಲ್ಲಿ ದೆಹಲಿಯ ಸುತ್ತಲಿನ ರಾಜ್ಯಗಳಲ್ಲಿ ಕೂಳೆ ಸುಡುವುದಕ್ಕೆ ತಡೆ ಹಾಕಿತು. ಯಂತ್ರಗಳಿಗೆ ಕೇಂದ್ರದ ಸಹಾಯಧನ ಬಂದದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ರೈತನ ಕೈಗೆ ಸಿಕ್ಕದ್ದು ದಂಡದ ಚೀಟಿ, ದೆಹಲಿಗೆ ಸಿಕ್ಕದ್ದು ಹೊಗೆ. ಬದಲಿ ಕೊಡದ ನಿಷೇಧ ಬೆಂಕಿಯನ್ನು ಹಗಲಿನಿಂದ ರಾತ್ರಿಗೆ ದೂಡುತ್ತದೆ. ರಾತ್ರಿಯ ಬೆಂಕಿ ಹಗಲಿನದಕ್ಕಿಂತ ಕೆಟ್ಟದ್ದು, ನೋಡುವ ಕಣ್ಣಿಲ್ಲ, ಕರೆದರೆ ಬರುವ ಕೈಯಿಲ್ಲ.

ಕಾಡಿನೊಳಗೂ ಪೂರ್ಣ ನಿಷೇಧದ ಫಲವನ್ನು ಪಕ್ಕದ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ತೋರಿಸಿದೆ. ಅಲ್ಲಿನ ಸೋಲಿಗರು ಚಳಿ ಮುಗಿಯುವ ಹೊತ್ತಿಗೆ, ನೆಲದಲ್ಲಿ ಇನ್ನೂ ತೇವವಿರುವಾಗ, ಬಿದ್ದ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅದನ್ನು ತರಗು ಬೆಂಕಿ ಎನ್ನುತ್ತಾರೆ. ಮೊಣಕಾಲೆತ್ತರಕ್ಕೂ ಏಳದ ಆ ಉರಿ ನೆಲದ ತರಗನ್ನು ತೆಳುವಾಗಿಸಿ ಮುಂದೆ ಸಾಗುತ್ತಿತ್ತು, ದೊಡ್ಡ ಮರದ ತಂಟೆಗೆ ಹೋಗುತ್ತಿರಲಿಲ್ಲ. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹಬ್ಬಿದ್ದಕ್ಕೆ, ನೆಲ್ಲಿಮರಗಳ ಮೇಲೆ ಬಂದಳಿಕೆ ಹೆಚ್ಚಿದ್ದಕ್ಕೆ ತರಗು ಬೆಂಕಿ ನಿಂತದ್ದೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಏಟ್ರೀ ಸಂಸ್ಥೆಯ ಸಂಶೋಧಕರು ಆ ಬೆಟ್ಟಗಳಲ್ಲಿ 1997ರಲ್ಲೂ 2008ರಲ್ಲೂ ಲೆಕ್ಕ ಹಿಡಿದಾಗ ಮೊದಲ ಸಲ ಅರ್ಧಕ್ಕೂ ಕಡಿಮೆ ಜಾಗಗಳಲ್ಲಿದ್ದ ಲಂಟಾನ ಎರಡನೇ ಸಲಕ್ಕೆ ಐದರಲ್ಲಿ ನಾಲ್ಕು ಜಾಗಗಳನ್ನು ಆಕ್ರಮಿಸಿತ್ತು. ಒಣಗಿದ ಲಂಟಾನ ನೆಲದ ಉರಿಗೆ ಮರದ ಕೊಂಬೆ ಮುಟ್ಟಲು ಇಟ್ಟುಕೊಟ್ಟ ಏಣಿ. 2019ರಲ್ಲಿ ಬಂಡೀಪುರದ ಬೆಂಕಿ ಅಷ್ಟು ಎತ್ತರಕ್ಕೆ ಎದ್ದದ್ದರಲ್ಲಿ ಅದರ ಪಾಲಿತ್ತು. ಲಂಟಾನ ಇಷ್ಟು ತುಂಬಿದ ಮೇಲೆ ಹಳೆಯ ತರಗು ಬೆಂಕಿಯನ್ನು ಹಾಗೆಯೇ ಮತ್ತೆ ಹಚ್ಚಲಾಗದು, ಮೊದಲು ಪೊದೆ ಕಿತ್ತು ತೆಗೆಯಬೇಕು. ಆದರೆ ಯಾವ ಬೆಂಕಿ, ಯಾವ ತಿಂಗಳು, ಯಾರ ಕಾವಲಿನಲ್ಲಿ ಎಂಬ ವಿವೇಕ ಆ ಪದ್ಧತಿಯಲ್ಲಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಆ ಸೋಲಿಗರಿಗೆ ಸಮುದಾಯ ಹಕ್ಕುಗಳು ದೊರೆತವು. ಬೆಂಕಿಯ ಬಗ್ಗೆ ಅವರನ್ನು ಕೇಳುವ ಪರಿಪಾಠ ಮಾತ್ರ ಇನ್ನೂ ಬೆಳೆಯಬೇಕಿದೆ.

ಆ ವಿವೇಕವನ್ನೇ ಹೊಲದ ಬೆಂಕಿಗೂ ತರಲು ಸಾಧ್ಯ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1954ರ ಕಾಯ್ದೆಯೊಂದು ವರ್ಷವನ್ನು ಹೀಗೆಯೇ ಭಾಗ ಮಾಡುತ್ತದೆ. ಸುಡುವುದು ಪೂರ್ತಿ ನಿಷಿದ್ಧವಾದ ತಿಂಗಳುಗಳಿವೆ, ಪರವಾನಗಿ ಪಡೆದು ಸುಡಬಹುದಾದ ತಿಂಗಳುಗಳಿವೆ. ಪರವಾನಗಿ ಪಡೆದವನು ನೆರೆಯ ಜಮೀನಿನವರಿಗೆ ಮುಂಚೆಯೇ ತಿಳಿಸಬೇಕು. ರೈತನನ್ನು ಅಪರಾಧಿಯೆಂದೂ ಕಾಣದೆ, ಅವನ ಬೆಂಕಿಯನ್ನು ಅವನ ಖಾಸಗಿ ವಿಷಯವೆಂದೂ ಬಿಡದೆ ನಡುವಿನ ದಾರಿ ಹಿಡಿದ ಕಾನೂನು ಅದು. ಕಾಡಂಚಿನಿಂದ ಒಂದೆರಡು ಕಿಲೋಮೀಟರ್ ಒಳಗಿನ ಹಳ್ಳಿಗಳಿಗೆ ನಂಜನಗೂಡು ತಾಲ್ಲೂಕಿನಲ್ಲೂ ಇಂಥ ಏರ್ಪಾಡು ಸಾಧ್ಯ. ಸಂಕ್ರಾಂತಿಯ ಮೊದಲೇ ಬದು ಸವರಿ ಮುಗಿಸುವುದು; ಫೆಬ್ರುವರಿ, ಮಾರ್ಚಿನಲ್ಲಿ ಕಡ್ಡಿಯೇ ಗೀರದಿರುವುದು; ತೀರಾ ಸುಡಲೇಬೇಕಾದರೆ ಗಾಳಿಯಿಲ್ಲದ ಬೆಳಗಿನ ಹೊತ್ತು, ಸುತ್ತ ಎರಡು ಸಾಲು ಉತ್ತು, ಸ್ಪ್ರೇಯರಿನಲ್ಲಿ ನೀರು ತುಂಬಿಸಿಟ್ಟು, ಗಾರ್ಡಿಗೆ ಫೋನ್ ಮಾಡಿ, ಆರುವ ತನಕ ನಿಂತು ಸುಡುವುದು. ತರಗು ಪುಡಿ ಮಾಡುವ ಯಂತ್ರ ಆ ಹಳ್ಳಿಗಳಿಗೆ ಮೊದಲು, ಬಾಡಿಗೆಯಿಲ್ಲದೆ. ಕಾಡು ಉರಿದ ಮೇಲೆ ಆಕಾಶದಿಂದ ನೀರು ಸುರಿಸಲು ಖರ್ಚು ಮಾಡಬಲ್ಲ ಸರ್ಕಾರಕ್ಕೆ ಈ ಖರ್ಚು ಭಾರವಾಗದು.

ಇಷ್ಟು ಹೊಲ, ಇಷ್ಟು ರೈತರು, ಯಾರು ಯಾವಾಗ ಸುಡುತ್ತಾರೆಂದು ತಿಳಿಯುವುದು ಹೇಗೆ ಎಂದು ಅಧಿಕಾರಿಗಳು ಕೇಳಬಹುದು. ಕಬ್ಬಿನ ಮಟ್ಟಿಗೆ ಅದು ಈಗಾಗಲೇ ತಿಳಿದಿರುವ ಸಂಗತಿ. ಕಾರ್ಖಾನೆಗಳು ತಮ್ಮ ವ್ಯಾಪ್ತಿಯ ಕಬ್ಬನ್ನು ಹೊಲವಾರು ನೋಂದಾಯಿಸಿಕೊಂಡಿರುತ್ತವೆ. ಯಾವ ಊರಿನ ಯಾವ ಹೊಲ ಯಾವ ದಿನ ನೆಟ್ಟದ್ದು, ಯಾವ ವಾರ ಕಡಿಯಬೇಕು ಎಂಬುದು ಅವರ ಕ್ಷೇತ್ರ ಸಿಬ್ಬಂದಿಯ ಪುಸ್ತಕದಲ್ಲಿರುತ್ತದೆ. ಕಟಾವಿನ ಪರ್ಮಿಟ್ ಹೊರಡುವುದೇ ಆ ಪಟ್ಟಿಯಿಂದ. ಕಟಾವಾದ ಕೆಲವೇ ದಿನಗಳಲ್ಲಿ ಆ ಹೊಲದ ತರಗು ಒಣಗಿ ಉರಿಯಲು ಸಿದ್ಧವಾಗುತ್ತದೆ. ಕಾಡಿಗೆ ತಾಗಿದ ಊರುಗಳ ಆ ಪಟ್ಟಿಯ ಒಂದು ಪ್ರತಿ ಹೆಡಿಯಾಲದ ಅರಣ್ಯ ಕಚೇರಿಗೆ, ನಂಜನಗೂಡಿನ ಅಗ್ನಿಶಾಮಕ ಠಾಣೆಗೆ, ಯಂತ್ರ ಬಾಡಿಗೆ ಕೇಂದ್ರಕ್ಕೆ ವಾರಕ್ಕೊಮ್ಮೆ ತಲುಪುವಂತೆ ಜಿಲ್ಲಾಧಿಕಾರಿ ಒಂದು ಸಭೆಯಲ್ಲಿ ಹೇಳಿದರೆ ಸಾಕು, ಬರುವ ಜನವರಿಯಿಂದಲೇ ಅದು ಶುರುವಾಗಬಹುದು.